ಕ್ರಿಯಾಪದವಿಲ್ಲದ ಸುದ್ದಿ: ಕನ್ನಡ ವಾರ್ತಾವಾಹಿನಿಗಳ ವೇಗ ಮತ್ತು ನಿರೂಪಣೆ

ಕನ್ನಡ ವಾಕ್ಯದ ಹೊಣೆಗಾರಿಕೆ ಬಹುಮಟ್ಟಿಗೆ ಅದರ ಕೊನೆಯಲ್ಲಿರುತ್ತದೆ. ಕರ್ತೃ, ಕರ್ಮಗಳು ಮೊದಲೇ ಬಂದರೂ ಸಂಗತಿ ನಡೆಯಿತೆ, ನಡೆದಿರಬಹುದೆ, ಅಥವಾ ನಡೆಯಿತೆಂಬುದು ಕೇವಲ ಕೇಳಿದ ಮಾತೆ ಎಂಬುದನ್ನು ತಿಳಿಸುವುದು ಕ್ರಿಯಾಪದ. ‘ಕೊಂದನು’, ‘ಕೊಂದಿರಬಹುದು’, ‘ಕೊಂದನಂತೆ’ ಎಂಬ ಮೂರು ರೂಪಗಳ ನಡುವಿನ ಅಂತರದಲ್ಲಿ ಒಬ್ಬ ಮನುಷ್ಯನ ಮಾನವೇ ಅಡಗಿದೆ. ದೂರದರ್ಶನ ಸುದ್ದಿಯ ವೇಗವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಅಬ್ಬರ, ಹಿನ್ನೆಲೆ ಸಂಗೀತ, ಉಚ್ಚಾರದೋಷಗಳ ಬಳಿ ನಿಂತುಬಿಡುತ್ತದೆ. ಆ ವೇಗ ಮೊದಲು ಕತ್ತರಿಸುವುದು ಕ್ರಿಯಾಪದವನ್ನು ಎಂಬುದು ಇವೆಲ್ಲಕ್ಕಿಂತ ಗಂಭೀರವಾದ ಸಂಗತಿ.

ಆಕಾಶವಾಣಿಯ ವಾರ್ತೆಗೆ ನಿಗದಿತ ವೇಳೆಯಿತ್ತು, ಬರೆದ ಪ್ರತಿಯಿತ್ತು, ಪೂರ್ಣವಾಕ್ಯವಿತ್ತು. ಅದರ ಭಾಷೆ ಜನರ ಮಾತಿನಿಂದ ದೂರವಿತ್ತೆಂಬ ಆಕ್ಷೇಪ ನ್ಯಾಯವಾದುದೇ. 2006ರಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಆರಂಭವಾದ ಮೇಲೆ ಈ ದೂರ ಕಡಿಮೆಯಾಯಿತು. ಆಡುನುಡಿಗೆ ಸುದ್ದಿಮನೆಯಲ್ಲಿ ಸ್ಥಾನ ದೊರೆಯಿತು. ಇದನ್ನು ಲಾಭವೆಂದೇ ಎಣಿಸಬೇಕು. ಆದರೆ ಇಪ್ಪತ್ತನಾಲ್ಕು ಗಂಟೆಯನ್ನೂ ತುಂಬಲೇಬೇಕಾದ ಒತ್ತಡ ವಾಕ್ಯವನ್ನು ತುಣುಕಾಗಿಸಿತು. ‘ಬೆಚ್ಚಿಬಿದ್ದ ಬೆಂಗಳೂರು’ ಎಂಬಂತಹ ಕೃದಂತಗಳೂ, ‘ಕೊಂದವನು ಇವನೇನಾ?’ ಎಂಬ ಬಗೆಯ ಪ್ರಶ್ನೆಗಳೂ ಪರದೆಯ ಸಹಜ ವ್ಯಾಕರಣವಾದವು.

ಇದರ ಪರಿಣಾಮವನ್ನು ಅರಿಯಲು ವೈಯಾಲಿಕಾವಲ್ ಪ್ರಕರಣವನ್ನು ನೆನೆಯಬಹುದು. 2024ರ ಸೆಪ್ಟೆಂಬರ್ 21ರಂದು ಈ ಬಡಾವಣೆಯ ಮನೆಯೊಂದರಲ್ಲಿ ಹತ್ಯೆಯಾದ ಮಹಿಳೆಯ ಶವ ರೆಫ್ರಿಜರೇಟರಿನಲ್ಲಿ ಪತ್ತೆಯಾಯಿತು. ಮೊದಲಿಗೆ ಕೇಳಿಬಂದ ಶಂಕೆಯ ಮಾತು ಒಬ್ಬ ವ್ಯಕ್ತಿಯತ್ತ ತಿರುಗಿತ್ತು. ತನಿಖೆ ಮುಂದುವರಿದಂತೆ ಪೊಲೀಸರು ಪ್ರಮುಖ ಶಂಕಿತನೆಂದು ಗುರುತಿಸಿದ್ದು ಮತ್ತೊಬ್ಬನನ್ನು. ಆತ ಅದೇ ತಿಂಗಳ 25ರಂದು ಒಡಿಶಾದಲ್ಲಿ ಮೃತನಾಗಿ ಪತ್ತೆಯಾದ. ನ್ಯಾಯಾಲಯದಲ್ಲಿ ಆತನ ವಿಚಾರಣೆ ನಡೆಯುವ ಸಾಧ್ಯತೆ ಅಲ್ಲಿಗೆ ಮುಗಿಯಿತು. ಇಂತಹ ಸಂದರ್ಭದಲ್ಲಿ ತೆರೆಯ ಮೇಲೆ ಮೂಡಿದ ಪ್ರಶ್ನೆಗೆ ಉತ್ತರ ಬರುವ ವೇಳೆಗೆ ಪ್ರಶ್ನೆಯೇ ತೀರ್ಪಿನಂತೆ ನೋಡುಗನ ಮನಸ್ಸಿನಲ್ಲಿ ಉಳಿದಿರುತ್ತದೆ. ಉತ್ತರ ಬಂದಾಗ ಪರದೆ ಬೇರೊಂದು ಸುದ್ದಿಗೆ ಹೊರಳಿರುತ್ತದೆ.

ಪ್ರಶ್ನಾರ್ಥಕ ಶೀರ್ಷಿಕೆ ಏನನ್ನೂ ಪ್ರತಿಪಾದಿಸುವುದಿಲ್ಲ, ಕೇವಲ ಕೇಳುತ್ತದೆ ಎಂಬ ಸಮರ್ಥನೆಯುಂಟು. ಈ ವಾದ ನಿಲ್ಲುವಂತಹುದಲ್ಲ. 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಾವಳಿಯ ಕಾರ್ಯಕ್ರಮ ಸಂಹಿತೆ ಸುಳ್ಳಿನೊಂದಿಗೆ ಸೂಚ್ಯ ಕುಹಕವನ್ನೂ ಅರ್ಧಸತ್ಯವನ್ನೂ ನಿಷೇಧಿಸಿದೆ. ಹೆಸರಿನ ಮುಂದೆ ಇಟ್ಟ ಪ್ರಶ್ನಾರ್ಥಕ ಚಿಹ್ನೆ ಸೂಚ್ಯ ಕುಹಕವಲ್ಲದೆ ಮತ್ತೇನು?

ಇಲ್ಲೊಂದು ವಿಪರ್ಯಾಸವಿದೆ. ಆಡುನುಡಿಯನ್ನು ತೆರೆಗೆ ತಂದ ವಾಹಿನಿಗಳು ಆಡುನುಡಿಯ ಎಚ್ಚರವನ್ನು ಹೊರಗೇ ಬಿಟ್ಟವು. ಜಗಲಿಯ ಮೇಲೆ ಕುಳಿತು ಊರ ಸುದ್ದಿ ಹೇಳುವವರೂ ತಾವು ಕಣ್ಣಾರೆ ಕಾಣದ್ದಕ್ಕೆ ‘ಅಂತೆ’ ಎಂದು ಸೇರಿಸುತ್ತಾರೆ. ಈ ಪ್ರತ್ಯಯವನ್ನು ಹೇಳಲು ಅರೆಕ್ಷಣ ಸಾಕು. ಆದ್ದರಿಂದ ಸಮಯದ ಅಭಾವ ನೆಪ ಮಾತ್ರ. ಪೂರ್ಣವಾಕ್ಯವನ್ನು ಬಯಸುವುದೆಂದರೆ ಹಳೆಯ ವಾರ್ತೆಯ ಗಾಂಭೀರ್ಯಕ್ಕೆ ಮರಳುವುದಲ್ಲ. ಯಾರು ಹೇಳಿದರು, ಎಷ್ಟು ಖಚಿತ ಎಂಬುದನ್ನು ಸುದ್ದಿಯೊಡನೆಯೇ ಹೇಳುವುದು. ವಾಹಿನಿಗಳಿಗೆ ಪದವೀಧರರನ್ನು ಕಳುಹಿಸುವ ಕನ್ನಡ ಮತ್ತು ಪತ್ರಿಕೋದ್ಯಮ ವಿಭಾಗಗಳು ಉಚ್ಚಾರವನ್ನು ತಿದ್ದುವಷ್ಟೇ ಶ್ರದ್ಧೆಯಿಂದ ಈ ವ್ಯಾಕರಣವನ್ನೂ ಕಲಿಸಬೇಕಾಗಿದೆ.