ಹಣೆಬರಹವೋ, ಗೋಡೆಯ ಬಿರುಕೋ?

ಬ್ರೆಜಿಲ್ ದೇಶದ ಬಡವರ ಗುಂಡಿಗೆಯನ್ನು ತಿನ್ನುವ ಒಂದು ರೋಗವುಂಟು. ಚಾಗಸ್ ಎಂದು ಅದರ ಹೆಸರು. ನಮ್ಮ ಸೀಮೆಯ ರೋಗವಲ್ಲ. ಆದರೂ ಗಿರಣಿಯ ಬಂಧುಗಳೂ ಅಂಗಡಿಯ ಬಂಧುಗಳೂ ಅದರ ಕತೆಯನ್ನು ತಿಳಿಯಬೇಕೆಂದು ನಮಗೆ ತೋರಿದೆ.

ಮಿನಾಸ್ ಜೆರೈಸ್ ಪ್ರಾಂತದ ಲಸ್ಸಾನ್ಸ್ ಎಂಬಲ್ಲಿ ರೈಲುದಾರಿ ಹಾಕುತ್ತಿದ್ದ ಕೂಲಿಗಳ ಮಲೇರಿಯಾ ತಡೆಯಲು ಹೋಗಿದ್ದ ಡಾಕ್ಟರ್ ಕಾರ್ಲೋಸ್ ಚಾಗಸ್ ಅವರು 1909ರಲ್ಲಿ ಇದನ್ನು ಪತ್ತೆಹಚ್ಚಿದರು. ತಿಗಣೆಯಂತೆ ರಕ್ತ ಹೀರುವ, ಆದರೆ ಅದಕ್ಕಿಂತ ಬಹಳ ದೊಡ್ಡದಾದ ಕೀಟವೊಂದು ಹಗಲೆಲ್ಲ ಮಣ್ಣುಗೋಡೆಯ ಬಿರುಕಿನಲ್ಲಿ ಅಡಗಿರುತ್ತದೆ. ರಾತ್ರಿ ಬಂದು ಮಲಗಿದವರ ಮುಖ ಕಚ್ಚುತ್ತದೆ. ಅದಕ್ಕೇ ಅಲ್ಲಿನವರು ಅದನ್ನು 'ಕ್ಷೌರಿಕ' ಎನ್ನುತ್ತಾರೆ! ಕಚ್ಚಿದ ಕಡೆ ಮಲ ಬಿಡುತ್ತದೆ. ಕೆರೆದುಕೊಂಡಾಗ ಮಲದಲ್ಲಿರುವ ಪರೋಪಜೀವಿ ಮೈಯೊಳಗೆ ಸೇರುತ್ತದೆ. ಹತ್ತು, ಇಪ್ಪತ್ತು ವರ್ಷ ಏನೂ ತೋರದು. ಆಮೇಲೆ ಗಟ್ಟಿಮುಟ್ಟಾಗಿ ದುಡಿಯುತ್ತಿದ್ದವನಿಗೆ ಏದುಸಿರು ಹತ್ತುತ್ತದೆ, ಹೃದಯ ಹಿಗ್ಗಿ ಬಡಿತ ತಪ್ಪುತ್ತದೆ. ಕೆಲವರು ನಿಂತಲ್ಲೇ ಕುಸಿದು ಸಾಯುವುದೂ ಉಂಟು.

ಆದರೆ ಸೋಂಕು ತಗುಲಿದ ಹತ್ತು ಮಂದಿಯಲ್ಲಿ ಹೃದಯ ಕೆಡುವುದು ಸುಮಾರು ಮೂವರಿಗೆ. ಒಂದೇ ಗೋಡೆಯ ಕೆಳಗೆ ಮಲಗಿದ ಅಣ್ಣನಿಗೆ ಬರುತ್ತದೆ, ತಮ್ಮನಿಗೆ ಬರುವುದಿಲ್ಲ. ಏಕೆ? ಸಾವೊ ಪೌಲೋ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಅವರ ಫ್ರಾನ್ಸಿನ ಸಂಗಾತಿಗಳೂ ಇಂಥ ಕುಟುಂಬಗಳ ವಂಶವಾಹಿಗಳನ್ನು ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದರು. ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗಕ್ಕೆ ಸಂಬಂಧಿಸಿದ ವಂಶವಾಹಿಗಳಲ್ಲಿ ಅಪರೂಪದ ದೋಷಗಳು ರೋಗಿಗಳಲ್ಲಿ ಕಂಡುಬಂದವು. ಬಿಡುವಿಲ್ಲದೆ ದುಡಿಯುವ ಹೃದಯಕ್ಕೆ ಶಕ್ತಿಯ ಈ ಕೊರತೆ, ಅದರ ಮೇಲೆ ಸೋಂಕಿನ ಉರಿಯೂತ. ಇವೆರಡೂ ಸೇರಿದರೆ ಅದು ಸೋಲಬಹುದೆಂದು ಅವರ ಊಹೆ. ಯಾರನ್ನು ಮೊದಲೇ ಎಚ್ಚರದಿಂದ ನೋಡಿಕೊಳ್ಳಬೇಕೆಂದು ಇದರಿಂದ ಮುಂದೆ ತಿಳಿಯುವಂತಾದರೆ ದೊಡ್ಡ ಉಪಕಾರವೇ ಸರಿ.

ಆದರೆ 'ರಕ್ತದ ದೋಷ' ಎಂಬ ಮಾತು ಕೆಲವರಿಗೆ ಬಲು ಹಿತ. ಕಾರ್ಡಿಂಗ್ ಖಾತೆಯಲ್ಲಿ ಎಲ್ಲರೂ ಕುಡಿಯುವುದು ಅದೇ ಹತ್ತಿಧೂಳು. ಸೋಮವಾರ ಎದೆ ಬಿಗಿದುಕೊಳ್ಳುವುದು ಮಾತ್ರ ಕೆಲವರಿಗೆ. 'ನಿನ್ನ ಮೈಯೇ ಹಾಗೆ' ಎಂದುಬಿಟ್ಟರೆ ಧೂಳಿನ ಲೆಕ್ಕ ಕೇಳುವವರಿಲ್ಲ. ಕಚ್ಚಿಸಿಕೊಂಡವರಲ್ಲಿ ಯಾರು ಸಾಯುವರೆಂಬುದರಲ್ಲಿ ವಂಶದ ಪಾತ್ರವಿರಬಹುದು. ಯಾರು ಕಚ್ಚಿಸಿಕೊಳ್ಳುವರೆಂಬುದನ್ನು ತೀರ್ಮಾನಿಸುವುದು ಹೆಚ್ಚಾಗಿ ಮನೆಯ ಗೋಡೆ, ಅಂದರೆ ಅವನ ಕೂಲಿ.

1991ರಲ್ಲಿ ದಕ್ಷಿಣ ಅಮೆರಿಕದ ಕೆಲವು ಸರಕಾರಗಳು ಒಂದುಗೂಡಿ ಮನೆಮನೆಗೆ ಔಷಧಿ ಸಿಂಪಡಿಸಿದವು. 1997ರಲ್ಲಿ ಉರುಗ್ವೆ, 2006ರಲ್ಲಿ ಬ್ರೆಜಿಲ್ ಮುಖ್ಯ ಮನೆಕೀಟದಿಂದ ರೋಗ ಹರಡುವುದು ನಿಂತಿತೆಂದು ಘೋಷಿತವಾದವು. ಇಷ್ಟರಲ್ಲಿ ಅಲ್ಲಿನ ಜನರ ವಂಶ ಬದಲಾಯಿತೆ?

ಮದ್ದಿನ ಕತೆ ಬೇರೆ. ಬೆಂಜ್ನಿಡಜೋಲ್ ಎಂಬ ಮಾತ್ರೆಯನ್ನು ರೋಶ್ ಕಂಪೆನಿ ತಯಾರಿಸುತ್ತಿತ್ತು. ಬಡವರ ರೋಗದಲ್ಲಿ ಲಾಭವೆಲ್ಲಿ? 2003ರಲ್ಲಿ ಅದರ ತಯಾರಿಕೆ ಪೆರ್ನಾಂಬುಕೊ ಪ್ರಾಂತದ ಸರಕಾರಿ ಕಾರ್ಖಾನೆಯ ಪಾಲಿಗೆ ಬಂತು. ಹೃದಯ ಕೆಟ್ಟ ಮೇಲೆ ಕೊಟ್ಟರೆ ಈ ಮಾತ್ರೆ ರಕ್ತದಲ್ಲಿನ ಪರೋಪಜೀವಿಯನ್ನು ಇಳಿಸಿದರೂ ಹೃದಯದ ಕೇಡನ್ನು ತಡೆಯಲಿಲ್ಲವೆಂದು 2015ರ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಬೇಗನೆ ರಕ್ತ ಪರೀಕ್ಷಿಸಬೇಕು. ಆದರೆ ಸೋಂಕು ಹೊತ್ತಿರುವ ಸುಮಾರು 70 ಲಕ್ಷ ಮಂದಿಯಲ್ಲಿ ಹೆಚ್ಚಿನವರಿಗೆ ತಮ್ಮ ಮೈಯಲ್ಲಿ ಅದಿರುವುದೇ ತಿಳಿಯದು.