ಠಸ್ಸೆ ಸಾಕ್ಷಿ ಮಾತ್ರ, ತೀರ್ಪಲ್ಲ

ಹಳೆಯ ಕಾಸ್ಟ್ಯೂಮ್ ಆಭರಣಗಳನ್ನು ಕೊಳ್ಳುವವರಲ್ಲಿಯೂ ಮಾರುವವರಲ್ಲಿಯೂ ಒಂದು ಮೂಢನಂಬಿಕೆ ಬೇರೂರಿದೆ. ಒಡವೆಯನ್ನು ಮಗುಚಿ ಹಿಂಬದಿಯ ಠಸ್ಸೆಯನ್ನು ಭೂತಗನ್ನಡಿಯಲ್ಲಿ ಓದಿದರೆ ಅದರ ವಯಸ್ಸು ತಿಳಿದುಬಿಡುತ್ತದೆ ಎಂಬುದು ಆ ನಂಬಿಕೆ. ನಾವು ಇದನ್ನು ಒಪ್ಪುವುದಿಲ್ಲ. ಠಸ್ಸೆ ಬಹುಮಟ್ಟಿಗೆ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಒಂದು ಮಾತನ್ನು ಮಾತ್ರ. ಅದನ್ನು ‘ಇದೇ ವರ್ಷದ್ದು’ ಎಂದು ತಿರುಚುವವರು ಗಿರಾಕಿಯ ಹಣವನ್ನಷ್ಟೇ ಅಲ್ಲ, ಒಂದು ಕಸುಬಿನ ಚರಿತ್ರೆಯನ್ನೂ ಕೆಡಿಸುತ್ತಿದ್ದಾರೆ.

ನಮ್ಮವರು ಈ ನಂಬಿಕೆಗೆ ಬೇಗ ಒಳಗಾಗಲು ಕಾರಣವುಂಟು. ಚಿನ್ನದ ಹಾಲ್‌ಮಾರ್ಕ್ 2021ರ ಜೂನ್‌ನಿಂದ ನಮ್ಮ ದೇಶದಲ್ಲಿ ಹಂತಹಂತವಾಗಿ ಕಡ್ಡಾಯವಾಗಿದೆ. ಅದರ ಹಿಂದೆ ಕಾನೂನಿದೆ, ಪರೀಕ್ಷಾ ಕೇಂದ್ರವಿದೆ. ಗಿಲೀಟು ಲೋಹ, ಗಾಜಿನ ಹರಳುಗಳ ಒಡವೆಗೆ ಅಂಥ ಪರೀಕ್ಷಕರಿಲ್ಲ. ಅದರ ಮೇಲಿನ ಹೆಸರು ತಯಾರಕನು ತನ್ನ ಬಗ್ಗೆ ತಾನೇ ಆಡಿದ ಮಾತು. ಕೆಲವೊಮ್ಮೆ ನಕಲು ಮಾಡುವವನು ತಯಾರಕನ ಬಗ್ಗೆ ಆಡಿದ ಸುಳ್ಳು.

ಅಮೆರಿಕದ ಒಡವೆಗಳ ವಿಚಾರದಲ್ಲಿ ಎಲ್ಲರ ಬಾಯಲ್ಲಿರುವ ಸೂತ್ರವನ್ನೇ ನೋಡೋಣ: ವೃತ್ತದೊಳಗಿನ ‘ಸಿ’ ಅಕ್ಷರವಿದ್ದರೆ 1955ರ ಅನಂತರದ್ದು. ಸೂತ್ರಕ್ಕೆ ಆಧಾರವಿದೆ. ಟ್ರೈಫಾರಿ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ, ಇಂಥ ಒಡವೆಯ ವಿನ್ಯಾಸಕ್ಕೂ ಕೃತಿಸ್ವಾಮ್ಯ ಸಲ್ಲುತ್ತದೆಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಆ ವರ್ಷ ತೀರ್ಪಿತ್ತಿತು. ಆದರೆ ಆ ಚಿಹ್ನೆ ಹೊತ್ತ ಒಡವೆ 1957ರದ್ದಾಗಿರಬಹುದು, 1980ರದ್ದೂ ಆಗಿರಬಹುದು. ಅದಕ್ಕಿಂತ ದೊಡ್ಡ ತಪ್ಪು ಸೂತ್ರವನ್ನು ತಲೆಕೆಳಗು ಮಾಡುವುದು: ಚಿಹ್ನೆ ಇಲ್ಲ, ಆದ್ದರಿಂದ 1955ಕ್ಕಿಂತ ಹಳೆಯದು! ಇಲ್ಲದಿರುವುದನ್ನೇ ಪುರಾವೆ ಮಾಡಿಕೊಂಡು ಬೆಲೆ ಏರಿಸುವ ಈ ತರ್ಕ ಯಾವ ವಿಚಾರಣೆಯಲ್ಲೂ ನಿಲ್ಲದು.

ಪೇಟೆಂಟ್ ಸಂಖ್ಯೆ ಇನ್ನೂ ಮೋಸದ್ದು. ಎರಡು ಕ್ಲಿಪ್ಪುಗಳನ್ನು ಒಂದು ಚೌಕಟ್ಟಿನಲ್ಲಿ ಕೂಡಿಸಿ ಬ್ರೂಚ್ ಆಗಿ ಧರಿಸುವ ಕೋರೋ ಸಂಸ್ಥೆಯ ‘ಡ್ಯುಯೆಟ್’ಗಳ ಮೇಲೆ 1798867 ಎಂಬ ಸಂಖ್ಯೆ ಕಾಣುತ್ತದೆ. ಅದು 1931ರ ಪೇಟೆಂಟ್. ಆದರೆ ಪೇಟೆಂಟ್ ದೊರೆತದ್ದು ಕ್ಲಿಪ್ಪನ್ನು ಕೂಡಿಸುವ ಯಂತ್ರರಚನೆಗೆ. ಅದೇ ಸಂಖ್ಯೆಯನ್ನು 1940ರ ದಶಕದ ಒಡವೆಗಳೂ ಹೊತ್ತಿವೆ. ಇದರ ಜೊತೆಗೆ ಅಮೆರಿಕದಲ್ಲಿ ಉಪಕರಣಗಳಿಗೆ ಒಂದು ಪೇಟೆಂಟ್ ಸರಣಿ, ವಿನ್ಯಾಸಗಳಿಗೆ ಇನ್ನೊಂದು. 130000 ಎಂಬುದು ಮೊದಲನೆಯದರಲ್ಲಿ 1872ಕ್ಕೆ ಸೇರುತ್ತದೆ, ಎರಡನೆಯದರಲ್ಲಿ 1941ಕ್ಕೆ. ಪಟ್ಟಿ ತಪ್ಪಿದರೆ ಸುಮಾರು 70 ವರ್ಷ ತಪ್ಪಿತು. ಕಚೇರಿಯಲ್ಲಿ ದುಡಿಯುವ ನಮಗೆ ಇದು ಹೊಸದಲ್ಲ: ಆವಕ ಶಾಖೆಯ ಠಸ್ಸೆ ಕಾಗದ ಬಂದ ದಿನವನ್ನು ಹೇಳುತ್ತದೆ, ಬರೆದ ದಿನವನ್ನಲ್ಲ.

ದೇಶದ ಹೆಸರು ಇವುಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಆಮದು ಸರಕಿನ ಮೇಲೆ ಮೂಲ ದೇಶದ ಹೆಸರಿರಬೇಕೆಂದು ಅಮೆರಿಕ 1890ರ ಸುಂಕ ಕಾಯಿದೆಯಲ್ಲಿ ವಿಧಿಸಿತು. ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ 1918ಕ್ಕಿಂತ ಹಿಂದಿನದಲ್ಲ. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೆಯ ಮಹಾಯುದ್ಧದ ಅನಂತರದ, 1952ರಲ್ಲಿ ಮುಗಿದ ಅವಧಿಯದು. ಆದರೂ ಹೆಸರು ದೇಶವನ್ನು ಹೇಳುತ್ತದೆಯೇ ಹೊರತು ಕೈಗಳನ್ನಲ್ಲ. ಬೊಹೀಮಿಯಾದ ಯಾಬ್ಲೊನೆಟ್ಸ್ ಊರಿನ ಜರ್ಮನ್ ಭಾಷಿಕ ಕುಶಲಕರ್ಮಿಗಳು ಯುದ್ಧಾನಂತರ ಹೊರದೂಡಲ್ಪಟ್ಟು, ಬವೇರಿಯಾದಲ್ಲಿ ನ್ಯೂಗಾಬ್ಲೊಂಟ್ಸ್ ಎಂಬ ಹೊಸ ನೆಲೆ ಕಟ್ಟಿಕೊಂಡು ಅದೇ ಕಸುಬನ್ನು ಮುಂದುವರಿಸಿದರು. ಕೈ ಅದೇ, ಗಾಜು ಅದೇ. ಠಸ್ಸೆ ಮಾತ್ರ ‘ವೆಸ್ಟರ್ನ್ ಜರ್ಮನಿ’ ಆಯಿತು. ಊರು ಬಿಟ್ಟು ಬಂದು ಬೇರೆಡೆ ಬೇರೂರಿದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

‘ಹಾಗಾದರೆ ಸಾಮಾನ್ಯರು ಏನನ್ನು ನೆಚ್ಚಬೇಕು?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಒಡವೆಯನ್ನೇ ನೆಚ್ಚಲಿ. ಕಿವಿಯೋಲೆಗೆ ತಿರುಪಿದೆಯೇ, ಕ್ಲಿಪ್ಪಿದೆಯೇ? ಬ್ರೂಚಿನ ಪಿನ್ನನ್ನು ಬರಿಯ ಕೊಕ್ಕೆ ಹಿಡಿದಿದೆಯೇ, ಭದ್ರವಾದ ಬೀಗವೇ? ಕಾಮನಬಿಲ್ಲಿನಂತೆ ಹೊಳೆಯುವ ‘ಅರೋರಾ ಬೊರಿಯಾಲಿಸ್’ ಲೇಪನವನ್ನು ಸ್ವರೋವ್ಸ್ಕಿ ಹೊರತಂದದ್ದು 1950ರ ದಶಕದ ನಡುಭಾಗದಲ್ಲಿ. ಅಂಥ ಹರಳಿರುವ ಬ್ರೂಚನ್ನು 1930ರದ್ದೆಂದರೆ, ಒಂದೋ ಹರಳು ಬದಲಾಗಿದೆ, ಇಲ್ಲವೇ ಮಾತು ಸುಳ್ಳು. ಬೀಗ, ಹರಳು, ಸವೆತ, ಠಸ್ಸೆ ನಾಲ್ಕೂ ಒಂದೇ ಕಾಲವನ್ನು ಹೇಳಿದಾಗ ಮಾತ್ರ ಆ ಕಾಲವನ್ನು ಬರೆಯಬೇಕು.

ಠಸ್ಸೆಯ ಆರಾಧನೆಗೆ ಬಲಿಯಾಗುವುದು ಠಸ್ಸೆಯಿಲ್ಲದ ಒಳ್ಳೆಯ ಕೆಲಸ. ನ್ಯೂಯಾರ್ಕಿನ ಮಿರಿಯಂ ಹ್ಯಾಸ್ಕೆಲ್ ಸಂಸ್ಥೆಯ ಮೊದಲ ಎರಡು ದಶಕಗಳ ಒಡವೆಗಳಲ್ಲಿ ಹೆಚ್ಚಿನವುಗಳ ಮೇಲೆ ಹೆಸರೇ ಇಲ್ಲ. ಸಣ್ಣ ಮುತ್ತುಗಳನ್ನು ಕೈಯಿಂದ ತಂತಿಯಲ್ಲಿ ಪೋಣಿಸಿದ ಆ ಕೆಲಸ ಹೆಸರಿಲ್ಲವೆಂದು ಅಗ್ಗದ ಬುಟ್ಟಿಗೆ ಬಿದ್ದರೆ, ಸೋತದ್ದು ಒಡವೆಯಲ್ಲ, ನೋಡುವ ಕಣ್ಣು.

ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಅರಸನ ಹೆಸರು ಇವುಗಳನ್ನು ತೂಗಿ ನೋಡಿಯೇ ನಮ್ಮ ವಿದ್ವಾಂಸರು ಅದನ್ನು ಐದನೆಯ ಶತಮಾನದ್ದೆಂದರು. ‘ಸುಮಾರು’ ಎಂಬ ಮಾತನ್ನು ಕೈಬಿಡಲಿಲ್ಲ. ಆ ‘ಸುಮಾರು’ ದೌರ್ಬಲ್ಯವಲ್ಲ, ಪ್ರಾಮಾಣಿಕತೆ. ಒಡವೆ ಮಾರುವವರಿಂದಲೂ ನಾವು ಅಷ್ಟನ್ನೇ ಕೇಳುತ್ತೇವೆ: ವರ್ಷ ಬರೆಯುವ ಮುನ್ನ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಬರೆಯಿರಿ, ಏಕೆಂಬುದನ್ನೂ ಬರೆಯಿರಿ. ಅಷ್ಟನ್ನು ಬರೆಯಲೊಪ್ಪದವರಿಗೆ ನಾವು ಹಳೆಯದೆಂಬ ಬೆಲೆ ತೆರಬೇಕಾಗಿಲ್ಲ.