ಸದ್ದು, ಗದ್ದಲ ಮತ್ತು ಸಂಗೀತ

ಸಂಗೀತವೆಂದೊಡನೆ ವೀಣೆ, ಕೊಳಲು, ಮೃದಂಗಗಳು ನೆನಪಾಗುತ್ತವೆ. ಸದ್ದೆಂದೊಡನೆ ಲೋಕಲ್ ಗಾಡಿ, ರಿಕ್ಷಾ, ಕುಕ್ಕರಿನ ಸೀಟಿ. ಮೊದಲನೆಯದನ್ನು ಆಲಿಸಬೇಕು, ಎರಡನೆಯದನ್ನು ಸಹಿಸಬೇಕು ಎಂಬುದು ರೂಢಿಯ ನಂಬಿಕೆ. ಇವೆರಡರ ನಡುವಣ ಗೆರೆ ಅಷ್ಟು ಖಚಿತವಾದುದಲ್ಲವೆಂಬುದು ನಮ್ಮ ಮತ. ಮಹಾನಗರದಲ್ಲಿ ಬೆಳೆಯುತ್ತಿರುವ ವಿದ್ಯಾರ್ಥಿಗಳು ಇದನ್ನು ಕುರಿತು ಯೋಚಿಸುವುದು ಅವಶ್ಯ.

1948ರಲ್ಲಿ ಫ್ರಾನ್ಸಿನ ಬಾನುಲಿಯಲ್ಲಿದ್ದ ಪಿಯೆರ್ ಶೆಫೆರ್ ಎಂಬ ಎಂಜಿನಿಯರು ಪ್ಯಾರಿಸಿನ ಒಂದು ರೈಲು ನಿಲ್ದಾಣದಲ್ಲಿ ಎಂಜಿನುಗಳ ಸದ್ದನ್ನು ಧ್ವನಿಮುದ್ರಿಸಿಕೊಂಡರು. ಸಿಳ್ಳು, ಉಗಿಯ ಬುಸುಗು, ಗಾಲಿಗಳ ಕಟಕಟ ಶಬ್ದ ಇವುಗಳನ್ನು ಆಯ್ದು, ಕೆಲವನ್ನು ಮತ್ತೆ ಮತ್ತೆ ನುಡಿಸಿ, ಸುಮಾರು 3 ನಿಮಿಷಗಳ ಕೃತಿಯೊಂದನ್ನು ರಚಿಸಿದರು. ಆ ವರ್ಷದ ಅಕ್ಟೋಬರ್ 5ರಂದು ಅದು ಪ್ರಸಾರವಾಯಿತು. ಒಂದೇ ಸದ್ದು ಹಲವು ಬಾರಿ ಮರಳಿದಾಗ, ಅದು ಯಾವುದರ ಸದ್ದೆಂಬ ಯೋಚನೆ ಹಿಂದೆ ಸರಿಯುತ್ತದೆ. ಲಯವೇ ಕಿವಿಗೆ ಮುಖ್ಯವಾಗುತ್ತದೆ.

ಅಮೆರಿಕದ ಜಾನ್ ಕೇಜ್ ಇನ್ನೂ ಮುಂದೆ ಹೋದರು. 1952ರಲ್ಲಿ ಅವರ ಕೃತಿಯೊಂದನ್ನು ನುಡಿಸಲು ಕುಳಿತ ಪಿಯಾನೊ ವಾದಕರು 4 ನಿಮಿಷ 33 ಸೆಕೆಂಡುಗಳ ಕಾಲ ಒಂದು ಸ್ವರವನ್ನೂ ನುಡಿಸಲಿಲ್ಲ. ಸಭೆಯಲ್ಲಿ ಕೇಳಿಸಿದ್ದು ಹೊರಗಿನ ಗಾಳಿ, ಮಾಡಿನ ಮೇಲಣ ಮಳೆಹನಿ, ಜನರ ಗುಸುಗುಸು. ಇದೇ ಕೇಜ್‌ರಿಗೆ 1946ರಲ್ಲಿ ಭಾರತೀಯ ಸಂಗೀತದ ಪರಿಚಯ ಮಾಡಿಕೊಟ್ಟವರು ಅಹಮದಾಬಾದಿನ ಗೀತಾ ಸಾರಾಭಾಯಿ. ಮನಸ್ಸನ್ನು ಶಾಂತಗೊಳಿಸುವುದೇ ಸಂಗೀತದ ಗುರಿಯೆಂಬ ಮಾತನ್ನು ಅವರು ಕಲಿತದ್ದು ಗೀತಾ ಅವರಿಂದಲೇ.

ಇದು ಪಾಶ್ಚಾತ್ಯರ ಹುಚ್ಚೆಂದು ನಗುವವರುಂಟು. ನಮ್ಮಲ್ಲಿ ನೋಡೋಣ. ಕರ್ನಾಟಕ ಸಂಗೀತದ ಘಟವೆಂದರೆ ಮಣ್ಣಿನ ಗಡಿಗೆಯಲ್ಲವೇ? ಜಲತರಂಗವೆಂದರೆ ನೀರು ತುಂಬಿದ ಪಿಂಗಾಣಿ ಬಟ್ಟಲುಗಳು. ನೀರು ಹೆಚ್ಚಿದಂತೆ ಸ್ವರ ತಗ್ಗುತ್ತದೆ. ನಮ್ಮ ಹಳ್ಳಿಯ ತಾಯಂದಿರು ಬೀಸುಕಲ್ಲಿನ ಗರಗರ ಸದ್ದನ್ನೇ ಶ್ರುತಿಯಾಗಿರಿಸಿಕೊಂಡು ಬೀಸುವ ಪದಗಳನ್ನು ಹಾಡಿದರು. ಇದೇ ಮುಂಬಯಿಯಲ್ಲಿ ರಾಹುಲ್ ದೇವ್ ಬರ್ಮನ್ ಅವರು 1973ರ ‘ಯಾದೋಂ ಕಿ ಬಾರಾತ್’ ಚಿತ್ರದ ಹಾಡಿನಲ್ಲಿ ಗಾಜಿನ ಲೋಟದ ಸದ್ದನ್ನು ಬಳಸಿದರು.

ಹಾಗಾದರೆ ಎಲ್ಲ ಗದ್ದಲವನ್ನೂ ಸಂಗೀತವೆಂದು ಒಪ್ಪಬೇಕೆ? ಖಂಡಿತ ಇಲ್ಲ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಪರೀಕ್ಷೆಗೆ ಓದುವ ಬಾಲಕನ ಕಿಟಕಿಯೆದುರು ಮೊರೆಯುವ ಧ್ವನಿವರ್ಧಕವನ್ನು ಕಲೆಯೆಂದು ಹೊಗಳುವುದು ಅನ್ಯಾಯ. ಆದರೆ ಕಿವಿ ಮುಚ್ಚಿಕೊಳ್ಳಲು ಕಲಿತವನಿಗೆ ಹಿತವಾದ ಸದ್ದೂ ತಿಳಿಯದು, ಹಾನಿಕರವಾದುದೂ ತಿಳಿಯದು. ಆಲಿಸಬಲ್ಲವನಿಗೆ ಮಾತ್ರ ಯಾವುದು ಉಳಿಯಬೇಕು, ಯಾವುದು ನಿಲ್ಲಬೇಕು ಎಂದು ಹೇಳುವ ಅಧಿಕಾರವಿದೆ.

ಆದುದರಿಂದ ವಿದ್ಯಾರ್ಥಿಗಳಿಗೆ ನಮ್ಮದೊಂದು ಸಲಹೆ. ದಿನಕ್ಕೆ 5 ನಿಮಿಷ ಸುಮ್ಮನೆ ಕುಳಿತು ಕೇಳಿರಿ. ಪವಾಯಿ ಕೆರೆಯ ದಂಡೆಯಾದರೂ ಸರಿ, ಮನೆಯ ಜಗಲಿಯಾದರೂ ಸರಿ. ವಿಮಾನ, ಹಕ್ಕಿ, ನಲ್ಲಿಯ ನೀರು, ಬಸ್ಸಿನ ಗಂಟೆ, ಹೀಗೆ ಕೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದಿಡಿರಿ. ಗುಡುಗುಡು, ಜುಳುಜುಳು, ಚಟಪಟ ಎಂಬ ನಮ್ಮ ಅನುಕರಣ ಪದಗಳ ಸಂಪತ್ತು ಆಗ ನಿಮಗೆ ಮನವರಿಕೆಯಾಗುವುದು.

ಇನ್ನೊಂದು ಮಾತು. ಅರಿಯದ ಭಾಷೆಯೂ ಮೊದಲು ಗದ್ದಲದಂತೆಯೇ ಕೇಳಿಸುತ್ತದೆ. ಹಲವು ನುಡಿಗಳ ಈ ಊರಿನಲ್ಲಿ ನಮ್ಮ ಕನ್ನಡವೂ ಎಷ್ಟೋ ಕಿವಿಗಳಿಗೆ ಬರಿಯ ಸದ್ದು. ಅದು ಹಾಗಾಗಬಾರದೆಂದು ನಾವು ಬಯಸುವುದಾದರೆ, ನೆರೆಮನೆಯ ಮಾತನ್ನು ಗದ್ದಲವೆಂದು ತಳ್ಳದೆ ಆಲಿಸುವುದು ನಮ್ಮ ಮೊದಲ ಕರ್ತವ್ಯ.